ಸೈಕಲ್ ಹಾದಿಯಲ್ಲಿ ವೇಗದ ಸ್ಕೇಟರ್ ಸಿಕ್ಕರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ತುಳಿಯುವವರಿಗೆ ಕಾರಿನ ಕಾಟ ಗೊತ್ತು, ನಾಯಿ ಕಾಟ ಗೊತ್ತು, ಮೊಬೈಲ್ ನೋಡಿಕೊಂಡು ಅಡ್ಡ ಬರುವವರ ಕಾಟವೂ ಗೊತ್ತು. ಆದರೆ ಕಾಲಿಗೆ ಒಂದೇ ಸಾಲಿನ ಚಕ್ರ ಕಟ್ಟಿಕೊಂಡು, ಸೊಂಟ ಬಗ್ಗಿಸಿ, ಹಾದಿಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಗುಡಿಸಿದಂತೆ ಹೋಗುವ ಇನ್‌ಲೈನ್ ಸ್ಕೇಟರ್ ಸಿಕ್ಕಾಗ ಏನು ಮಾಡಬೇಕು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಒಮ್ಮೆ ಸೈಕಲ್‌ನಿಂದ ಬಿದ್ದು ಸ್ವಲ್ಪ ಕಲಿತೆ. ಆಮೇಲೆ ನಾನೇ ಸ್ಕೇಟ್ ಕಟ್ಟಿಕೊಂಡು ಇನ್ನೂ ನಾಲ್ಕಾರು ಸಲ ಬಿದ್ದು ಉಳಿದದ್ದನ್ನು ಕಲಿತೆ. ಜೊತೆಯ ಸವಾರರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ನನ್ನ ಉತ್ತರ ಇಲ್ಲಿದೆ.

ಸ್ಕೇಟರ್‌ಗಳು ನಿಜವಾಗಲೂ ಸೈಕಲ್‌ನಷ್ಟು ವೇಗವಾಗಿ ಹೋಗುತ್ತಾರಾ?

ಹೋಗುತ್ತಾರೆ. ವ್ಯಾಯಾಮಕ್ಕೆಂದು ಬರುವ, ಚೆನ್ನಾಗಿ ರೂಢಿಯಿರುವ ಸ್ಕೇಟರ್ ಗಂಟೆಗೆ 15ರಿಂದ 25 ಕಿ.ಮೀ. ವೇಗದಲ್ಲಿ ಆರಾಮಾಗಿ ಸಾಗುತ್ತಾರೆ. ರೇಸ್‌ಗೆ ತಯಾರಿ ಮಾಡುವವರು 30 ಕಿ.ಮೀ. ದಾಟುತ್ತಾರೆ. ಬರ್ಲಿನ್ ಮ್ಯಾರಥಾನ್‌ನಲ್ಲಿ ಓಟಗಾರರ ಜೊತೆಗೆ ಸ್ಕೇಟರ್‌ಗಳಿಗೂ ಒಂದು ರೇಸ್ ಇದೆ. ಅದೇ 42.195 ಕಿ.ಮೀ. ದೂರವನ್ನು ಮುಂದಿನ ಗುಂಪಿನವರು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸಿಬಿಡುತ್ತಾರೆ. ಆಫೀಸಿಗೆ ಸೈಕಲ್‌ನಲ್ಲಿ ಹೋಗುವ ನಮ್ಮಂಥವರಿಗೆ ಆ ವೇಗ ಇಳಿಜಾರಿನಲ್ಲಿ ಮಾತ್ರ ಸಿಗುವುದು. ಅಲ್ಲಿ ಹಲವು ಸಲ ಗೆದ್ದಿರುವ ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಂಜುಗಡ್ಡೆಯ ಮೇಲಿನ ಸ್ಕೇಟಿಂಗ್‌ನಲ್ಲೂ ಚಿನ್ನ ಗೆದ್ದರು.

ಹಾಗಾಗಿ ಸ್ಕೇಟರ್ ಅಂದರೆ "ಸ್ವಲ್ಪ ಜೋರಾಗಿ ನಡೆಯುವವರು" ಅಂತ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ಹಿಂದಿನಿಂದ ನೋಡಿ, ಇವರು ಕಲಿಯುವವರೋ ಪಳಗಿದವರೋ ಅಂತ ಹೇಗೆ ಗುರುತಿಸುವುದು?

ಕಾಲು ನೋಡಿ. ಬೂಟು ಕಣಕಾಲಿನ ಮೇಲಿನವರೆಗೂ ಬಂದಿದ್ದು, ಹಿಮ್ಮಡಿಯ ಹಿಂದೆ ರಬ್ಬರ್ ತುಂಡೊಂದು ಚಾಚಿದ್ದರೆ ಅದು ಸಾಮಾನ್ಯ ಸ್ಕೇಟ್. ಬೂಟು ಷೂನಂತೆ ಗಿಡ್ಡಗಿದ್ದು, ಚಕ್ರಗಳು ಅಂಗೈಯಗಲ ಇದ್ದರೆ ಅದು ವೇಗದ ಸ್ಕೇಟ್. ಅದರ ಚಕ್ರ 100, 110, 125 ಮಿ.ಮೀ. ಹೀಗೆ ಇರುತ್ತದೆ. ಸಾಮಾನ್ಯ ಸ್ಕೇಟ್‌ನದು ಹೆಚ್ಚಾಗಿ 80ರ ಆಸುಪಾಸು.

ಕೈಯೂ ಹೇಳುತ್ತದೆ. ಎರಡೂ ಕೈ ಬೆನ್ನಿನ ಮೇಲೆ ಕಟ್ಟಿಕೊಂಡು ಹೋಗುತ್ತಿದ್ದರೆ ಪಳಗಿದವರು, ಉಸಿರು ಉಳಿಸಿಕೊಂಡು ಸಾಗುತ್ತಿದ್ದಾರೆ ಅಂತ ಅರ್ಥ. ಕೈ ಎರಡೂ ಬೀಸುತ್ತಿದ್ದರೆ ವೇಗ ಏರಿಸುತ್ತಿದ್ದಾರೆ ಅಥವಾ ಏರು ಹತ್ತುತ್ತಿದ್ದಾರೆ. ಕೈ ಗಾಳಿಯಲ್ಲಿ ಏನನ್ನೋ ಹಿಡಿಯಲು ತಡಕಾಡುತ್ತಿದ್ದರೆ, ಅವರು ಕಲಿಯುವವರು. ನೀವು ಬ್ರೇಕ್ ಮೇಲೆ ಬೆರಳಿಡಿ.

ಅವರಿಗೆ ಅಷ್ಟು ಜಾಗ ಯಾಕೆ ಬೇಕು? ನೆಟ್ಟಗೆ ಹೋಗಬಾರದಾ?

ಇದೇ ಎಲ್ಲರ ಸಿಟ್ಟಿನ ಮೂಲ. "ಇಡೀ ರಸ್ತೆ ಇವರಪ್ಪನದೇ ಅನ್ನೋ ಹಾಗೆ ಹೋಗ್ತಾರೆ" ಅಂತ ನಾನೂ ಗೊಣಗಿದವನೇ.

ಆದರೆ ಒಂದು ನಿಮಿಷ ಯೋಚಿಸಿ. ನಡೆಯುವಾಗ ನಾವು ನೆಲವನ್ನು ಹಿಂದಕ್ಕೆ ಒದ್ದು ಮುಂದಕ್ಕೆ ಹೋಗುತ್ತೇವೆ. ಸ್ಕೇಟ್ ಹಾಕಿಕೊಂಡು ನೇರ ಹಿಂದಕ್ಕೆ ಒದ್ದರೆ ಚಕ್ರ ಸುಮ್ನೆ ಹಿಂದಕ್ಕೆ ಉರುಳಿಬಿಡುತ್ತದೆ, ಒದೆತ ಖಾಲಿ ಹೋಗುತ್ತದೆ. ಚಕ್ರ ಉರುಳದೆ ನೆಲ ಕಚ್ಚಿ ನಿಲ್ಲುವುದು ಅಡ್ಡಕ್ಕೆ ತಳ್ಳಿದಾಗ ಮಾತ್ರ. ಬಲಗಾಲು ಬಲಕ್ಕೆ ತಳ್ಳುತ್ತದೆ, ಮೈ ಎಡಕ್ಕೆ ವಾಲಿಕೊಂಡು ಮುಂದೆ ಜಾರುತ್ತದೆ. ಮತ್ತೆ ಎಡಗಾಲು ಎಡಕ್ಕೆ ತಳ್ಳುತ್ತದೆ, ಮೈ ಬಲಕ್ಕೆ ಬರುತ್ತದೆ. ಅಂದರೆ ಆ ಅಗಲವೇ ಅವರ ಎಂಜಿನ್. ಅಗಲ ಬಿಟ್ಟುಕೊಡಿ ಅನ್ನುವುದೂ ಒಂದೇ, ನೀವು ಪೆಡಲ್ ತುಳಿಯಬೇಡಿ ಅನ್ನುವುದೂ ಒಂದೇ.

ಸೈಕಲ್‌ಗೆ ಹ್ಯಾಂಡಲ್ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಸಾಕು. ಜೋರಾಗಿ ತಳ್ಳುವ ಸ್ಕೇಟರ್‌ಗೆ ಒಂದೂವರೆ ಮೀಟರ್ ಬೇಕು, ಕೆಲವೊಮ್ಮೆ ಎರಡು. ಮೂರು ಮೀಟರ್ ಅಗಲದ ಹಾದಿಯಲ್ಲಿ ಅದು ಅರ್ಧ, ಇಲ್ಲವೇ ಅದಕ್ಕಿಂತ ಜಾಸ್ತಿ.

ಒಳ್ಳೆಯ ಸುದ್ದಿ ಏನೆಂದರೆ, ಈ ಎಂಜಿನ್ ಅನ್ನು ಅವರು ಸ್ವಲ್ಪ ಹೊತ್ತು ಆರಿಸಬಲ್ಲರು. ಎರಡೂ ಪಾದ ಜೋಡಿಸಿ ಸುಮ್ನೆ ಉರುಳಿದರೆ ಭುಜದ ಅಗಲಕ್ಕೆ ಇಳಿಯುತ್ತಾರೆ. ಆ ಕೆಲವು ಸೆಕೆಂಡನ್ನು ನಾವು ಕೇಳಿ ಪಡೆಯಬೇಕು, ಅಷ್ಟೇ.

ಹಾಗಾದರೆ ಹಿಂದಿಕ್ಕುವ ಸರಿಯಾದ ಕ್ರಮ ಯಾವುದು?

ಮೊದಲು ದೂರದಿಂದಲೇ ಗೊತ್ತುಮಾಡಿ. 20–30 ಮೀಟರ್ ಇರುವಾಗ ಬೆಲ್ ಹೊಡೆಯಿರಿ. ನೀವು 25 ಕಿ.ಮೀ. ವೇಗದಲ್ಲಿದ್ದು ಅವರು 18ರಲ್ಲಿದ್ದಾರೆ ಅಂದುಕೊಳ್ಳಿ. ವ್ಯತ್ಯಾಸ 7 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 2 ಮೀಟರ್. 20 ಮೀಟರ್ ದೂರದಲ್ಲಿ ಬೆಲ್ ಹೊಡೆದರೆ ಅವರಿಗೆ ಹತ್ತು ಸೆಕೆಂಡ್ ಸಿಗುತ್ತದೆ. ಕೇಳಿಸಿಕೊಂಡು, ಜಾಗ ನೋಡಿಕೊಂಡು, ಅಂಚಿಗೆ ಸರಿಯಲು ಅಷ್ಟು ಸಾಕು.

ಆಮೇಲೆ ಉತ್ತರಕ್ಕೆ ಕಾಯಿರಿ. ಪಳಗಿದ ಸ್ಕೇಟರ್ ಒಂದು ಕೈ ಕೆಳಗೆ ಬಿಟ್ಟು ಬೆರಳಾಡಿಸುತ್ತಾರೆ, ತಲೆಯಾಡಿಸುತ್ತಾರೆ, ಇಲ್ಲವೇ ಸುಮ್ನೆ ಕಾಲು ಜೋಡಿಸುತ್ತಾರೆ. ನಾನು ನೋಡುವುದು ಕಾಲನ್ನೇ. ಎರಡು ಪಾದ ಅಕ್ಕಪಕ್ಕ ಬಂದು ತಳ್ಳುವುದು ನಿಂತರೆ ದಾರಿ ಸಿಕ್ಕಿತು ಅಂತ. ಕಾಲಿನ್ನೂ ಆಡುತ್ತಿದ್ದರೆ ಇನ್ನೊಮ್ಮೆ ಬೆಲ್ ಹೊಡೆಯಿರಿ, ಈ ಸಲ ಬಾಯಲ್ಲೂ ಹೇಳಿ. ಅದಕ್ಕೂ ತಿರುಗದಿದ್ದರೆ ಕಿವಿಯಲ್ಲಿ ಹಾಡಿದೆ ಅಂತ ಅರ್ಥ. ಹಾದಿ ಅಗಲವಾಗುವವರೆಗೂ ಹಿಂದೆಯೇ ಇರಿ.

ದಾಟುವಾಗ ಒಂದೇ ಸಮನಾಗಿ, ಸ್ವಲ್ಪ ಚುರುಕಾಗಿ ದಾಟಿ. ಪಕ್ಕದಲ್ಲೇ ತೂಗಾಡಬೇಡಿ. ದಾಟಿದ ತಕ್ಷಣ ಅವರ ಮುಂದೆ ಬಂದು ಕೂರಬೇಡಿ, ಏಳೆಂಟು ಮೀಟರ್ ಮುಂದೆ ಹೋದ ಮೇಲೆ ಅಂಚಿಗೆ ಬನ್ನಿ. ಒಂದು ಥ್ಯಾಂಕ್ಸ್ ಹೇಳಿದರೆ ಮುಂದಿನ ಸೈಕಲ್‌ನವರಿಗೂ ದಾರಿ ಸಲೀಸಾಗುತ್ತದೆ.

ಬೆಲ್ ಒಳ್ಳೆಯದಾ, ಕೂಗುವುದು ಒಳ್ಳೆಯದಾ?

ದೂರಕ್ಕೆ ಬೆಲ್, ಹತ್ತಿರಕ್ಕೆ ಬಾಯಿ. ಬೆನ್ನ ಹಿಂದೆ ಎರಡೇ ಮೀಟರ್‌ನಲ್ಲಿ ಬೆಲ್ ಹೊಡೆದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ಒಂದು ಕಾಲಿನ ಮೇಲೆ ನಿಂತಿರುವವರಿಗೆ ಕೇಳಬೇಕೇ?

ಕೂಗುವಾಗ "ಎಡಕ್ಕೆ", "ಬಲಕ್ಕೆ" ಅಂತಷ್ಟೇ ಹೇಳಬೇಡಿ. ಅದು ನೀವು ಬರುವ ಕಡೆಯೋ ಅವರು ಸರಿಯಬೇಕಾದ ಕಡೆಯೋ ಅಂತ ಗೊಂದಲವಾಗಿ, ಹೊಸಬರು ನೀವು ಹೇಳಿದ ಕಡೆಗೇ ನುಗ್ಗುತ್ತಾರೆ. "ಹಿಂದೆ ಸೈಕಲ್ ಇದೆ" ಅನ್ನುವುದು ನನಗೆ ಸರಿಕಂಡ ಮಾತು. ಇನ್ನೊಂದು ಸಂಗತಿ: ಹಿಂದಿರುಗಿ ನೋಡುವಾಗ ಮೈ ಕೂಡ ಆ ಕಡೆಗೇ ವಾಲುತ್ತದೆ. ಅವರು ನಿಮ್ಮನ್ನು ನೋಡಿದ್ದಾರೆ ಅಂದಮಾತ್ರಕ್ಕೆ ನುಗ್ಗಬೇಡಿ, ತಲೆ ಮತ್ತೆ ಮುಂದಕ್ಕೆ ತಿರುಗಲಿ.

ಅವರು ಆ ಕಡೆ ಹೋದಾಗ ಈ ಕಡೆಯಿಂದ ಸರಕ್ಕನೆ ದಾಟಿಬಿಟ್ಟರೆ?

ನಾನು ಬಿದ್ದದ್ದು ಹೀಗೇ.

ಸಂಜೆ ಹೊತ್ತು, ಹಾದಿ ಖಾಲಿ. ಮುಂದೆ ಒಬ್ಬರೇ ಸ್ಕೇಟರ್. ನಾಲ್ಕೈದು ಸಲ ಅವರ ಲಯ ನೋಡಿದೆ. ಎಡ, ಬಲ, ಎಡ, ಬಲ. ಗಡಿಯಾರದ ಲೋಲಕದ ಹಾಗೆ. ಮೈ ಎಡಕ್ಕೆ ಹೋದಾಗ ಬಲಗಡೆ ಇಷ್ಟಗಲ ಜಾಗ ತೆರೆಯುತ್ತಿತ್ತು. ಬೆಲ್ ಹೊಡೆಯುವ ಗೋಜಿಗೆ ಹೋಗದೆ ನುಗ್ಗಿದೆ. ನಾನು ಮರೆತದ್ದು ಏನೆಂದರೆ, ಮೈ ಎಡಕ್ಕೆ ಹೋಗುವುದೇ ಬಲಗಾಲು ಬಲಕ್ಕೆ ಚಾಚಿದ್ದರಿಂದ. ಖಾಲಿ ಕಂಡ ಜಾಗ ಖಾಲಿಯಾಗಿರಲಿಲ್ಲ. ಸೊಂಟದ ಮಟ್ಟದಲ್ಲಿ ಖಾಲಿ ಇತ್ತು, ನೆಲದ ಮಟ್ಟದಲ್ಲಿ ಅವರ ಪಾದ ಇತ್ತು. ಕೊನೆಯ ಚಕ್ರ ನನ್ನ ಮುಂದಿನ ಟೈರಿಗೆ ತಾಗಿದ ಸದ್ದು, ಸೀಮೆಸುಣ್ಣ ಕಿರ್ರೆಂದ ಹಾಗೆ, ಇನ್ನೂ ಕಿವಿಯಲ್ಲಿದೆ. ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಯಿತು. ನಾನು ಬಿದ್ದೆ, ಅವರು ಎರಡು ಹೆಜ್ಜೆ ತಡವರಿಸಿ ನಿಂತರು. ತಪ್ಪು ಪೂರ್ತಿ ನನ್ನದು. ಆದರೂ ಅವರೇ ಬಂದು ನನ್ನ ಸೈಕಲ್ ಎತ್ತಿದರು.

ಒಂದು ತಳ್ಳಿಗೂ ಇನ್ನೊಂದಕ್ಕೂ ನಡುವೆ ಒಂದು ಸೆಕೆಂಡ್ ಸಿಗುವುದೂ ಕಷ್ಟ. ಆ ಸಂದಿಯಲ್ಲಿ ಇಡೀ ಸೈಕಲ್ ತೂರುವುದಿಲ್ಲ.

ಅವರಿಗೆ ಬ್ರೇಕ್ ಇರುತ್ತದಾ?

ಸಾಮಾನ್ಯ ಸ್ಕೇಟ್‌ಗೆ ಒಂದೇ ಕಾಲಿನಲ್ಲಿ ರಬ್ಬರ್ ಬ್ರೇಕ್ ಇರುತ್ತದೆ. ಆ ಕಾಲು ಮುಂದಿಟ್ಟು, ಮುಂಗಾಲು ಎತ್ತಿ, ಹಿಮ್ಮಡಿ ಒತ್ತಬೇಕು. ವೇಗದ ಸ್ಕೇಟ್‌ಗಳಲ್ಲಿ ಹೆಚ್ಚಾಗಿ ಅದೂ ಇರುವುದಿಲ್ಲ. ಅವರು ಒಂದು ಪಾದವನ್ನು ಹಿಂದೆ ಅಡ್ಡಲಾಗಿ ಎಳೆಯುತ್ತಾರೆ, ಇಲ್ಲವೇ ಎರಡೂ ಕಾಲು ಅಗಲಿಸಿ ಬೆರಳು ಒಳಕ್ಕೆ ತಿರುಗಿಸಿ ನೇಗಿಲಿನಂತೆ ಒತ್ತುತ್ತಾರೆ. ನುರಿತವರು ಅಡ್ಡ ತಿರುಗಿ ಜಾರಿಸಿಯೂ ನಿಲ್ಲಿಸುತ್ತಾರೆ, ಆದರೆ ಅದಕ್ಕೆ ಹಾದಿಯ ಅಗಲ ಬೇಕು.

20 ಕಿ.ಮೀ. ವೇಗದ ಸೈಕಲ್ ಒಣ ರಸ್ತೆಯಲ್ಲಿ, ಬ್ರೇಕ್ ಹಿಡಿದ ಮೇಲೆ ನಾಲ್ಕೈದು ಮೀಟರ್‌ನಲ್ಲಿ ನಿಲ್ಲುತ್ತದೆ. ಸ್ಕೇಟರ್‌ಗೆ ಅದರ ಎರಡು ಮೂರು ಪಟ್ಟು ದೂರ ಬೇಕಾಗಬಹುದು. ಹಾಗಾಗಿ ಅವರು ನಿಲ್ಲಿಸುವುದಕ್ಕಿಂತ ತಪ್ಪಿಸಿಕೊಳ್ಳುವುದನ್ನೇ ನೆಚ್ಚಿಕೊಂಡಿರುತ್ತಾರೆ. ಪಕ್ಕಕ್ಕೆ ಹೆಜ್ಜೆ ಹಾಕುವುದು, ಹುಲ್ಲಿಗೆ ಇಳಿದುಬಿಡುವುದು, ಹೀಗೆ. ಅವರಿಗೆ ತಪ್ಪಿಸಿಕೊಳ್ಳಲು ಒಂದು ಕಡೆ ಖಾಲಿ ಇರಲಿ, ಎರಡೂ ಕಡೆ ಮುಚ್ಚಬೇಡಿ.

ಇದು ಹಳೆಯ ಸಮಸ್ಯೆ. 1760ರ ದಶಕದಲ್ಲಿ ಲಂಡನ್‌ನಲ್ಲಿ ಜಾನ್ ಜೋಸೆಫ್ ಮೆರ್ಲಿನ್ ಅನ್ನುವ ಯಂತ್ರ ತಯಾರಕ ಚಕ್ರದ ಬೂಟು ಹಾಕಿಕೊಂಡು, ಪಿಟೀಲು ಬಾರಿಸುತ್ತಾ ಔತಣಕೂಟವೊಂದಕ್ಕೆ ಬಂದನಂತೆ. ನಿಲ್ಲಿಸಲು ಬಾರದೆ ದೊಡ್ಡ ಕನ್ನಡಿಗೆ ಗುದ್ದಿದನಂತೆ. ಪಿಟೀಲೂ ಹೋಯಿತು, ಕನ್ನಡಿಯೂ ಹೋಯಿತು.

ಸ್ಕೇಟರ್ ನನ್ನನ್ನೇ ಹಿಂದಿಕ್ಕಿದರೆ?

ನಿಮ್ಮ ಗೆರೆಯಲ್ಲೇ ಹೋಗಿ. ಸರಿದು ಉಪಕಾರ ಮಾಡಲು ಹೋಗಬೇಡಿ, ಪಂದ್ಯಕ್ಕೂ ನಿಲ್ಲಬೇಡಿ. ಅಹಂಕಾರಕ್ಕೆ ಸ್ವಲ್ಪ ಪೆಟ್ಟಾಗುತ್ತದೆ, ಏನೂ ಆಗಲ್ಲ.

ನನ್ನ ಹಿಂದೆ ಯಾರೋ ಸ್ಕೇಟರ್ ಅಂಟಿಕೊಂಡಿದ್ದಾರೆ. ಏನು ಮಾಡಲಿ?

ಅವರು ನಿಮ್ಮ ಗಾಳಿಮರೆಯಲ್ಲಿ ಬರುತ್ತಿದ್ದಾರೆ. ನೀವು ಗಾಳಿ ಸೀಳುತ್ತೀರಿ, ಅವರಿಗೆ ಶ್ರಮ ಉಳಿಯುತ್ತದೆ. ಸೈಕಲ್‌ನವರು ಒಬ್ಬರ ಹಿಂದೊಬ್ಬರು ಮಾಡುವುದೂ ಇದನ್ನೇ. ಕೇಳಿ ಬಂದಿದ್ದರೆ, ನಿಮಗೂ ಒಪ್ಪಿಗೆಯಿದ್ದರೆ ಸರಿ. ಆದರೆ ಆಗ ನಿಮ್ಮ ಬ್ರೇಕ್ ನಿಮ್ಮೊಬ್ಬರದಲ್ಲ. ನೀವು ಗಕ್ಕನೆ ಹಿಡಿದರೆ ಅವರಿಗೆ ನಿಲ್ಲಿಸಲು ಜಾಗವಿಲ್ಲ, ನಿಮ್ಮ ಹಿಂದಿನ ಚಕ್ರದ ಮೇಲೇ ಬರುತ್ತಾರೆ. ಗುಂಡಿ, ತಿರುವು, ಎದುರಿಗೆ ಬರುವವರು, ಎಲ್ಲವನ್ನೂ ಕೈ ತೋರಿಸಿ ಕೂಗಿ ಹೇಳಬೇಕಾಗುತ್ತದೆ.

ಕೇಳದೆ ಬಂದಿದ್ದರೆ? "ನಾನು ಇದ್ದಕ್ಕಿದ್ದಂತೆ ನಿಲ್ಲಿಸಬಹುದು, ಸ್ವಲ್ಪ ದೂರ ಇರಿ" ಅಂತ ನೇರವಾಗಿ ಹೇಳಿ. ಬೇಕಂತಲೇ ಬ್ರೇಕ್ ಹಿಡಿದು ಪಾಠ ಕಲಿಸುವ ಬುದ್ಧಿವಂತಿಕೆ ಬೇಡ.

ಸ್ಕೇಟರ್ ಹಿಂದೆ ನಾನು ಗಾಳಿಮರೆ ಹಿಡಿಯಬಹುದಾ?

ಬೇಡ. ಮೇಲಿನ ನನ್ನ ಕತೆ ಇನ್ನೊಮ್ಮೆ ಓದಿ.

ಎಂಟು ಹತ್ತು ಜನ ಸಾಲಾಗಿ ಬಂದರೆ?

ನೋಡಲು ಬಲು ಚೆಂದ. ಒಬ್ಬರ ಸೊಂಟದ ಮೇಲೆ ಹಿಂದಿನವರ ಕೈ, ಎಲ್ಲರ ಕಾಲೂ ಒಂದೇ ತಾಳಕ್ಕೆ. ಸಹಸ್ರಪದಿ ಹರಿದ ಹಾಗೆ. ಅದನ್ನು ಹತ್ತು ಜನ ಅಂತ ನೋಡಬೇಡಿ, ಒಂದು ಉದ್ದನೆಯ ಗಾಡಿ ಅಂತ ನೋಡಿ. ಕೊನೆಯವರಿಗೆ ನೀವು ಬಂದದ್ದು ಗೊತ್ತಾದರೆ ಅವರು ಮುಂದಕ್ಕೆ ಕೂಗುತ್ತಾರೆ, ಮಾತು ತಲೆಯವರೆಗೂ ಹೋಗುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ಕೊಡಿ. ಎದುರಿನ ಹಾದಿ ಸಾಲಿನ ಉದ್ದಕ್ಕೂ ಖಾಲಿ ಕಂಡರೆ ಮಾತ್ರ ಹೊರಡಿ. ಮಧ್ಯದಲ್ಲಿ ತೂರಿಕೊಂಡರೆ ಅವರ ತಾಳ ಕೆಡುತ್ತದೆ, ಒಬ್ಬರು ಎಡವಿದರೆ ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಏರು, ಇಳಿಜಾರು ಬಂದಾಗ ಏನು ಬದಲಾಗುತ್ತದೆ?

ಎಲ್ಲ ತಿರುವುಮುರುವು. ಏರಿನಲ್ಲಿ ಸ್ಕೇಟರ್ ನಿಧಾನ, ಆದರೆ ತುಂಬ ಅಗಲ. ಕಾಲನ್ನು 'ವಿ' ಆಕಾರದಲ್ಲಿ ಬಿಚ್ಚಿ ಗಿಡ್ಡ ಗಿಡ್ಡ ಹೆಜ್ಜೆ ಹಾಕುತ್ತಾರೆ. ಇಲ್ಲಿ ಅವರನ್ನು ಕಾಲು ಜೋಡಿಸಿ ಅಂತ ಕೇಳುವ ಹಾಗೂ ಇಲ್ಲ, ಜೋಡಿಸಿದರೆ ಹಿಂದಕ್ಕೇ ಉರುಳುತ್ತಾರೆ. ಜಾಗ ಇದ್ದರೆ ದಾಟಿ, ಇಲ್ಲದಿದ್ದರೆ ಗೇರ್ ಇಳಿಸಿ ಹಿಂದೆ ಬನ್ನಿ.

ಇಳಿಜಾರಿನಲ್ಲಿ ಅವರು ಸಣ್ಣಗಾಗುತ್ತಾರೆ, ಕುಕ್ಕರಗಾಲಲ್ಲಿ ಕೂತು ಬಾಣದಂತೆ ಹೋಗುತ್ತಾರೆ. ದಾಟಲು ಸುಲಭ ಅನ್ನಿಸುತ್ತದೆ. ನನಗೆ ಜಾಸ್ತಿ ಭಯ ಇಲ್ಲೇ. ವೇಗ ಮಿತಿಮೀರಿದರೆ ಅವರು ಹಾವಿನಂತೆ ಅಡ್ಡಡ್ಡ ತಿರುಗಿ ವೇಗ ಇಳಿಸಬೇಕಾಗುತ್ತದೆ, ಅದು ಯಾವ ಕ್ಷಣದಲ್ಲಿ ಶುರುವಾಗುತ್ತದೆ ಅಂತ ನಿಮಗೆ ಗೊತ್ತಾಗಲ್ಲ. ಇಳಿಜಾರಿನ ತುದಿಯಲ್ಲಿ ತಿರುವೋ ಅಡ್ಡರಸ್ತೆಯೋ ಇದ್ದರೆ ಅವರನ್ನು ಮುಂದೆ ಬಿಟ್ಟು, ದೂರ ಇಟ್ಟುಕೊಂಡು ಇಳಿಯಿರಿ. ಬ್ರೇಕ್ ಚೆನ್ನಾಗಿರುವುದು ನಿಮಗೆ, ಅವರಿಗಲ್ಲ.

ಏನೂ ಇಲ್ಲದ ಕಡೆ ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಿಗಿಯುತ್ತಾರಲ್ಲ, ಯಾಕೆ?

ಏನೋ ಇರುತ್ತದೆ, ನಮಗೆ ಕಾಣುವುದಿಲ್ಲ. ನಮ್ಮ ಚಕ್ರದ ವ್ಯಾಸ ಸುಮಾರು 70 ಸೆಂ.ಮೀ., ಒಳಗೆ ಗಾಳಿ ಬೇರೆ. ಅವರದು 8ರಿಂದ 12.5 ಸೆಂ.ಮೀ., ಗಟ್ಟಿ ಪಾಲಿಯುರೆಥೇನ್ ಪ್ಲಾಸ್ಟಿಕ್. ಹೆಬ್ಬೆರಳು ದಪ್ಪದ ಕಡ್ಡಿ ನಮಗೆ ಒಂದು 'ಟಕ್', ಅವರಿಗೆ ಮುಗ್ಗರಿಸುವ ಕಲ್ಲು. ಮೊದಲ ಸಲ ಸ್ಕೇಟ್ ಹಾಕಿದ ದಿನ ಒಂದು ಮರದ ಕಾಯಿ ಮುಂಚಕ್ರಕ್ಕೆ ಸಿಕ್ಕಿತು. ಕಡಲೆ ಗಾತ್ರದ್ದು. ಚಕ್ರ ಅಲ್ಲೇ ನಿಂತಿತು, ನಾನು ಮುಂದೆ ಹೋದೆ.

ಅವರು ಹೆದರುವ ಪಟ್ಟಿ ದೊಡ್ಡದು: ಉದುರಿದ ಮರಳು, ಒದ್ದೆ ಎಲೆ, ಬಿಸಿಲಿಗೆ ಮೆತ್ತಗಾದ ಡಾಂಬರಿನ ಪಟ್ಟಿ, ಮರದ ಹಲಗೆಯ ಸೇತುವೆ, ರೈಲು ಹಳಿ. ಒದ್ದೆ ರಸ್ತೆಯಂತೂ ಕೇಳಲೇಬೇಡಿ, ಅಡ್ಡಕ್ಕೆ ತಳ್ಳಿದ ಕಾಲು ಹಿಡಿತ ಸಿಗದೆ ಜಾರಿಯೇ ಹೋಗುತ್ತದೆ. ಮುಂದೆ ಇಂಥದ್ದೇನಾದರೂ ಕಂಡರೆ ಅವರು ಹಾದಿಯ ನಡುವಿಗೆ ಬಂದೇ ಬರುತ್ತಾರೆ ಅಂತ ಎಣಿಸಿ, ದಾಟುವುದನ್ನು ಆಚೆಗೆ ಮುಂದೂಡಿ.

ಎದುರಿನಿಂದ ಬರುವ ಸ್ಕೇಟರ್?

ನಿಮ್ಮ ಅಂಚಿಗೆ ಬೇಗನೇ ಸರಿದು ಅಲ್ಲೇ ಇರಿ. ನೀವು ಒಂದು ಗೆರೆ ಹಿಡಿದದ್ದು ಕಂಡರೆ ಅವರು ತಳ್ಳುವುದನ್ನು ಗಿಡ್ಡ ಮಾಡುತ್ತಾರೆ. ಆ ಕಡೆ ಈ ಕಡೆ ತೂಗಾಡಿದರೆ ಇಬ್ಬರೂ ಒಂದೇ ಕಡೆಗೆ ಸರಿದು, ಓಣಿಯಲ್ಲಿ ಎದುರಾದ ಇಬ್ಬರ ಕುಣಿತ ಶುರುವಾಗುತ್ತದೆ. ಇಬ್ಬರದೂ 20 ಕಿ.ಮೀ. ವೇಗ ಅಂದರೆ ಒಟ್ಟು 40, ಸೆಕೆಂಡಿಗೆ 11 ಮೀಟರ್. ಕುಣಿಯಲು ಹೊತ್ತಿಲ್ಲ.

ಕಾನೂನು ಏನು ಹೇಳುತ್ತದೆ? ಸೈಕಲ್ ಹಾದಿ ನಮ್ಮದಲ್ವಾ?

ಒಂದೊಂದು ದೇಶದಲ್ಲಿ ಒಂದೊಂದು ಥರ. ಜರ್ಮನಿಯಲ್ಲಿ ಇನ್‌ಲೈನ್ ಸ್ಕೇಟ್ ವಾಹನವಲ್ಲ, ಹಾಕಿಕೊಂಡವರು ಪಾದಚಾರಿಗಳ ಲೆಕ್ಕ. ಫಲಕ ಹಾಕಿ ಅನುಮತಿ ಕೊಟ್ಟ ಕಡೆ ಮಾತ್ರ ಸೈಕಲ್ ಹಾದಿಗೆ ಬರಬಹುದು. ಫ್ರಾನ್ಸ್‌ನಲ್ಲೂ ಅವರು ಪಾದಚಾರಿಗಳೇ. ನೆದರ್‌ಲ್ಯಾಂಡ್ಸ್‌ನಲ್ಲಿ ಸೈಕಲ್ ಹಾದಿಯಲ್ಲೂ ಹೋಗಬಹುದು, ಕಾಲುಹಾದಿಯಲ್ಲೂ ಹೋಗಬಹುದು. ಗಂಟೆಗೆ 25 ಕಿ.ಮೀ. ಹೋಗುವವರನ್ನು ಪಾದಚಾರಿ ಅನ್ನುವುದು ನನಗೆ ತಮಾಷೆ ಅನ್ನಿಸುತ್ತದೆ. ಬ್ರೇಕೇ ಇಲ್ಲದವರನ್ನು ವಾಹನ ಅನ್ನುವುದೂ ಅಷ್ಟೇ ತಮಾಷೆ.

ಇಬ್ಬರಿಗೂ ಸೇರಿಸಿಯೇ ಕಟ್ಟಿದ ಹಾದಿಗಳೂ ಇವೆ. ಬರ್ಲಿನ್‌ನ ದಕ್ಷಿಣಕ್ಕೆ ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿರುವ ಫ್ಲೇಮಿಂಗ್-ಸ್ಕೇಟ್ ಜಾಲ 200 ಕಿ.ಮೀ.ಗೂ ಹೆಚ್ಚು ಉದ್ದ, ನುಣುಪಾದ ಡಾಂಬರು. ಸ್ಕೇಟರ್‌ಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಆ ಹಾದಿಯಲ್ಲಿ ಸೈಕಲ್‌ಗಳೂ ಓಡುತ್ತವೆ. ಅಲ್ಲಿ "ಹಾದಿ ನಮ್ಮದು" ಅನ್ನುವ ಮಾತು ಅವರ ಬಾಯಲ್ಲಿ ಬರಬೇಕು.

ನಿಮ್ಮ ಊರಿನ ಫಲಕ ಓದಿಕೊಳ್ಳಿ. ಫಲಕ ಏನೇ ಹೇಳಲಿ, ಹಿಂದಿನಿಂದ ಬಂದು ದಾಟುವವರೇ ಜೋಪಾನ ಮಾಡಬೇಕು.

ಕತ್ತಲಲ್ಲಿ?

ಸ್ಕೇಟರ್‌ನ ಹಿಂದೀಪ ಹೆಲ್ಮೆಟ್ಟಿಗೋ ಸೊಂಟಕ್ಕೋ ಇರುತ್ತದೆ, ಕಾಲಿಗೆ ಇರುವುದು ಅಪರೂಪ. ಒಂಟಿ ಕೆಂಪು ಚುಕ್ಕೆ ನೆಟ್ಟಗೆ ಹೋಗದೆ ಎಡಕ್ಕೂ ಬಲಕ್ಕೂ ತೂಗುತ್ತಿದ್ದರೆ ಅದು ಸೈಕಲ್ ಅಲ್ಲ. ಆ ಚುಕ್ಕೆಯ ಎರಡೂ ಕಡೆ ಒಂದೊಂದು ಮೀಟರ್ ಕಾಣದ ಕಾಲುಗಳಿವೆ ಅಂದುಕೊಳ್ಳಿ. ನಿಮ್ಮ ದೀಪವನ್ನು ನೆಲಕ್ಕೆ ಬಾಗಿಸಿ. ಎದುರಿನವರ ಕಣ್ಣು ಕುಕ್ಕಿದರೆ ಅವರಿಗೆ ಆ ಕಡಲೆ ಗಾತ್ರದ ಕಾಯಿ ಕಾಣುವುದಿಲ್ಲ.

ಕೈಯಲ್ಲಿ ಕೋಲು ಹಿಡಿದವರು?

ಅದು ಹೆಚ್ಚಾಗಿ ರೋಲರ್ ಸ್ಕೀ. ಹಿಮದ ಸ್ಕೀಯಿಂಗ್ ಮಾಡುವವರು ಬೇಸಿಗೆಯಲ್ಲಿ ಅಭ್ಯಾಸಕ್ಕೆ ಹಾಕುತ್ತಾರೆ. ಸ್ಕೇಟರ್‌ಗಿಂತ ಇನ್ನೂ ಅಗಲ, ಕೋಲಿನ ತುದಿ ಚೂಪು, ಬ್ರೇಕ್ ಹೆಚ್ಚಾಗಿ ಇಲ್ಲ. ಮೇಲೆ ಹೇಳಿದ್ದೆಲ್ಲವನ್ನೂ ದುಪ್ಪಟ್ಟು ಮಾಡಿಕೊಳ್ಳಿ.

ಮಕ್ಕಳು ಕಲಿಯುತ್ತಿದ್ದರೆ?

ನಡೆಯುವ ವೇಗಕ್ಕೆ ಇಳಿಯಿರಿ. ಬೆಲ್ ಮಗುವಿಗಲ್ಲ, ಜೊತೆಯಲ್ಲಿರುವ ದೊಡ್ಡವರಿಗೆ. ಮಗು ನಿಮ್ಮನ್ನು ನೋಡಿದರೆ ನಿಮ್ಮ ಕಡೆಗೇ ಬರುತ್ತದೆ, ಅದಕ್ಕೆ ನಿಲ್ಲಿಸಲು ಗೊತ್ತಿರುವ ಉಪಾಯ ಒಂದೇ, ಎದುರಿಗೆ ಸಿಕ್ಕಿದ್ದನ್ನು ತಬ್ಬಿಕೊಳ್ಳುವುದು.

ಇಷ್ಟಾದರೂ ಡಿಕ್ಕಿಯಾದರೆ?

ಮೊದಲು ಇಬ್ಬರೂ ಹಾದಿಯಿಂದ ಆಚೆ ಬನ್ನಿ, ಹಿಂದಿನಿಂದ ಬರುವವರು ನಿಮ್ಮ ಮೇಲೆ ಬೀಳಬಾರದು. ತಲೆಗೋ ಕುತ್ತಿಗೆಗೋ ಪೆಟ್ಟಾಗಿದೆ ಅನ್ನಿಸಿದರೆ ಮಾತ್ರ ಅವರನ್ನು ಅಲ್ಲಾಡಿಸಬೇಡಿ. ಒಬ್ಬರು ನಿಂತು ಬರುವವರನ್ನು ತಡೆಯಲಿ, ಆಂಬುಲೆನ್ಸ್‌ಗೆ ಫೋನ್ ಹೋಗಲಿ. ಬಿದ್ದ ಸ್ಕೇಟರ್‌ನ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಬೀಳುವಾಗ ಕೈ ಊರುವುದು ಸಹಜ, ಸ್ಕೇಟಿಂಗ್‌ನಲ್ಲಿ ಹೆಚ್ಚಾಗಿ ಮುರಿಯುವುದು ಮಣಿಕಟ್ಟೇ. ಅದಕ್ಕೇ ಅವರು ಮಣಿಕಟ್ಟಿಗೆ ಕವಚ ಹಾಕುವುದು. ಕೂತಲ್ಲೇ ಸ್ಕೇಟ್ ಬಿಚ್ಚಲು ಸಹಾಯ ಮಾಡಿ. ಚಕ್ರದ ಮೇಲೆ ನಿಂತು ತಲೆ ಸುತ್ತಿದರೆ ಎರಡನೇ ಸಲ ಬೀಳುತ್ತಾರೆ.

ನಿಮ್ಮ ಸೈಕಲ್‌ನಲ್ಲಿ ಮುಂಚಕ್ರ ತಿರುಗಿಸಿ ನೋಡಿ, ಹ್ಯಾಂಡಲ್ ನೆಟ್ಟಗಿದೆಯಾ ನೋಡಿ, ಎರಡೂ ಬ್ರೇಕ್ ಹಿಡಿದು ನೋಡಿ. ನಾನು ಅವತ್ತು ಇದ್ಯಾವುದನ್ನೂ ಮಾಡದೆ ನಾಚಿಕೆಯಿಂದ ಹತ್ತಿ ಹೊರಟುಬಿಟ್ಟೆ. ಮುಂದಿನ ತಿರುವಿನಲ್ಲಿ ಗೊತ್ತಾಯಿತು, ಮುಂದಿನ ಬ್ರೇಕ್ ರಿಮ್ಮಿಗೆ ತಾಗುತ್ತಲೇ ಇರಲಿಲ್ಲ.

ನಾನೂ ಸ್ಕೇಟ್ ಕಲಿಯುತ್ತಿದ್ದೇನೆ. ಸೈಕಲ್‌ಗಳಿರುವ ಹಾದಿಗೆ ಯಾವಾಗ ಬರಬಹುದು?

ಮೂರು ಕೆಲಸ ಬಂದ ಮೇಲೆ. ನೆಲದ ಮೇಲೆ ಒಂದು ಗೆರೆ ಎಳೆದುಕೊಂಡು, ಅದಕ್ಕಿಂತ ಮುಂಚೆ ಪ್ರತಿ ಸಲವೂ ನಿಲ್ಲಲು ಬರಬೇಕು. ಹತ್ತು ಸೆಕೆಂಡ್ ಪಾದ ಜೋಡಿಸಿ ನೆಟ್ಟಗೆ ಉರುಳಲು ಬರಬೇಕು. ಭುಜದ ಮೇಲಿಂದ ಹಿಂದೆ ನೋಡಿದರೂ ಗೆರೆ ಬಿಡಬಾರದು. ಮೂರನೆಯದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.